ಬಿಸಿಗಾಳಿ ಬಲೂನ್ ಇಳಿಸಲು ಕಲಿಸುವುದು ಹೇಗೆ: ಕೊಡಗಿನ ಗದ್ದೆಬಯಲಿಗೊಂದು ಕೈಪಿಡಿ

ಕಲಿಯಲು ಬರುವವರದ್ದೂ ಹೊಸದಾಗಿ ಕಲಿಸಲು ಹೊರಟವರದ್ದೂ ಒಂದೇ ಪ್ರಶ್ನೆ. ಬಲೂನಿಗೆ ಸ್ಟೀರಿಂಗ್ ಇಲ್ಲ, ಬ್ರೇಕ್ ಇಲ್ಲ. ಕೊಡಗಿನಲ್ಲಿ ನೋಡಿದ ಕಡೆಯೆಲ್ಲ ಕಾಫಿ ತೋಟ, ಸಿಲ್ವರ್ ಓಕ್, ಕರೆಂಟ್ ತಂತಿ. ಇಲ್ಲಿ ಇಳಿಸುವುದನ್ನು ಹೇಗೆ ಕಲಿಸುತ್ತೀರಿ? ಪ್ರತಿಯೊಬ್ಬರಿಗೂ ಬಿಡಿಬಿಡಿಯಾಗಿ ಹೇಳುತ್ತಾ ಬಂದದ್ದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಮೊದಲೇ ಒಂದು ಮಾತು. ಶಿಷ್ಯನಿಗೆ ಒಳ್ಳೆಯ ಗದ್ದೆಯನ್ನು ಗುರುತಿಸುವುದು ಎರಡು ಹಾರಾಟದಲ್ಲಿ ಬರುತ್ತದೆ. ಚೆನ್ನಾಗಿ ಕಾಣುವ ಗದ್ದೆಯನ್ನು ಹೊತ್ತಿಗೆ ಮುಂಚೆಯೇ ಬೇಡವೆಂದು ಬಿಡುವುದು ಅಷ್ಟು ಬೇಗ ಬರುವುದಿಲ್ಲ. ಕೆಳಗಿನ ಹಂತಗಳೆಲ್ಲ ಆ ಒಂದು ಅಭ್ಯಾಸವನ್ನು ಕೂರಿಸಲು ಇರುವಂಥವು.

ಎಲ್ಲಿ, ಯಾವಾಗ

ಕೊಡಗಿನ ಪಶ್ಚಿಮ ಭಾಗವನ್ನು ಮರೆತುಬಿಡಿ. ತಡಿಯಂಡಮೋಳ್ 1748 ಮೀಟರ್ ಎತ್ತರದ ಬೆಟ್ಟ. ಅದರ ಆಸುಪಾಸಿನ ಘಟ್ಟದ ಇಳಿಜಾರುಗಳಲ್ಲಿ ಬಲೂನ್ ಇಳಿಸಲು ಜಾಗವೇ ಇಲ್ಲ. ದಕ್ಷಿಣದ ನಾಗರಹೊಳೆ ಕಾಡಿನ ಮೇಲೆ ಹಾರುವ ಯೋಚನೆಯನ್ನೂ ಮಾಡಬೇಡಿ. ಉಳಿಯುವುದು ಪೂರ್ವದ ಅಂಚು: ಕುಶಾಲನಗರ, ಹೆಬ್ಬಾಲೆ, ಶಿರಂಗಾಲದ ಕಡೆಯ ಕಾವೇರಿ ಬಯಲು.

ಅಲ್ಲಿಯೂ ಒಂದು ತೊಡಕಿದೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಮೇಲ್ಗಾಳಿ ಹೆಚ್ಚಾಗಿ ಪೂರ್ವ, ಈಶಾನ್ಯದಿಂದ ಬರುತ್ತದೆ. ಕುಶಾಲನಗರದಲ್ಲಿ ಮೇಲೇರಿದರೆ ಅದು ನಿಮ್ಮನ್ನು ಪಶ್ಚಿಮದ ಆನೆಕಾಡು ಅರಣ್ಯದ ಕಡೆಗೆ, ಏರುತ್ತಾ ಹೋಗುವ ನೆಲದ ಕಡೆಗೆ ತಳ್ಳುತ್ತದೆ. ಅದಕ್ಕೇ ಪೂರ್ವದ ಪಿರಿಯಾಪಟ್ಟಣದ ಬಯಲಿನಲ್ಲಿ ಮೇಲೇರಿ, ಕಾಡು ಶುರುವಾಗುವುದಕ್ಕೆ ಬಹಳ ಮೊದಲೇ ಇಳಿಯುವಂತೆ ಲೆಕ್ಕ ಹಾಕಿ. ಎತ್ತರ ಮಾಪಕವನ್ನು ಸಮುದ್ರ ಮಟ್ಟಕ್ಕೆ ಹೊಂದಿಸಿದ್ದರೆ ಅದು ಕಾಲ ಕೆಳಗಿನ ನೆಲದಿಂದ ನೀವೆಷ್ಟು ಮೇಲಿದ್ದೀರಿ ಎಂದು ಹೇಳುವುದಿಲ್ಲ. ಪಶ್ಚಿಮಕ್ಕೆ ಹೋದಂತೆ ಮಾಪಕದ ಮುಳ್ಳು ನಿಂತಲ್ಲೇ ನಿಂತಿರುತ್ತದೆ, ನೆಲ ಮಾತ್ರ ಹತ್ತಿರ ಬರುತ್ತಿರುತ್ತದೆ. ಹೊಸಬರು ಇದನ್ನು ಮರೆತೇಬಿಡುತ್ತಾರೆ.

ಹುತ್ತರಿ ಹಬ್ಬ ಕಳೆದು ಭತ್ತದ ಕೊಯ್ಲು ಮುಗಿದ ಮೇಲೆ ಗದ್ದೆಗಳಲ್ಲಿ ಕೂಳೆ ಮಾತ್ರ ಉಳಿದಿರುತ್ತದೆ. ಕಲಿಸಲು ಅದೇ ಕಾಲ. ಬೆಳಿಗ್ಗೆ ಮಂಜು ಕವಿದಿದ್ದರೆ ಅಂದಿನ ಪಾಠ ರದ್ದು. "ಸ್ವಲ್ಪ ಹೊತ್ತಿನಲ್ಲಿ ಬಿಡುತ್ತದೆ" ಎಂದು ಮೇಲೇರಬೇಡಿ. 2016ರ ಜುಲೈನಲ್ಲಿ ಅಮೆರಿಕದ ಟೆಕ್ಸಾಸಿನ ಲಾಕ್‌ಹಾರ್ಟ್ ಬಳಿ ಮಂಜು, ಮೋಡದ ನಡುವೆ ಹಾರಿದ ಬಲೂನು ವಿದ್ಯುತ್ ತಂತಿಗೆ ತಾಗಿ ಅದರಲ್ಲಿದ್ದ 16 ಮಂದಿಯೂ ಸತ್ತರು.

ಬೇಕಾದದ್ದು

ಬರವಣಿಗೆಯ ಅನುಮತಿ ಮೊದಲು: ವಿಮಾನಯಾನ ಇಲಾಖೆಯದ್ದು, ಜಿಲ್ಲಾಡಳಿತದ್ದು. ಆಮೇಲೆ ಗದ್ದೆಯವರದ್ದು. ಅವರದ್ದು ಬಾಯಿಮಾತಾದರೂ ಸಾಕು, ಆದರೆ ಹಿಂದಿನ ದಿನವೇ ಹೋಗಿ ಕೇಳಬೇಕು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮಾನದಂಡದಲ್ಲಿ ಬಲೂನ್ ಪರವಾನಗಿಗೆ ಕನಿಷ್ಠ 16 ಗಂಟೆಯ ಹಾರಾಟ, ಅದರಲ್ಲಿ 8 ಬಾರಿ ಮೇಲೇರುವುದು, ಒಮ್ಮೆಯಾದರೂ ಒಬ್ಬರೇ ಹಾರುವುದು ಸೇರಿದೆ. ಅದು ಕನಿಷ್ಠ ಅಷ್ಟೇ. ಕೊಡಗಿನಂಥ ಜಾಗದಲ್ಲಿ 8 ಇಳಿತಕ್ಕೆ ಯಾರೂ ಪಕ್ವವಾಗುವುದಿಲ್ಲ.

ಸಾಮಾನು: ಚರ್ಮದ ಕೈಗವಸು, ಹೆಲ್ಮೆಟ್, ಬೆಂಕಿ ಆರಿಸುವ ಸಿಲಿಂಡರ್, ಬರ್ನರಿಗೆ ಬೆಂಕಿ ಹಚ್ಚಲು ಎರಡು ಬೇರೆ ಬೇರೆ ಸಾಧನ, ಏರಿಳಿತದ ವೇಗ ತೋರಿಸುವ ವೇರಿಯೋಮೀಟರ್, ರೇಡಿಯೋ, ಕೆಳಗೆ ಹಿಂಬಾಲಿಸುವ ಜೀಪು, ಅದರಲ್ಲಿ ಊರಿನ ದಾರಿ ಗೊತ್ತಿರುವ ಒಬ್ಬರು. ಗ್ಯಾಸ್ ಕಾಲು ಭಾಗಕ್ಕಿಂತ ಕಡಿಮೆಯಾದ ಮೇಲೆ ಶಿಷ್ಯನಿಗೆ ಇಳಿಯುವ ಪಾಠ ಶುರುಮಾಡಲು ನಾನು ಬಿಡುವುದಿಲ್ಲ. ಗ್ಯಾಸ್ ಕಡಿಮೆಯಿದ್ದರೆ ಸಿಕ್ಕ ಗದ್ದೆಯೇ ಗತಿ ಎನ್ನುವಂತಾಗುತ್ತದೆ. ಚಳಿಯ ಬೆಳಿಗ್ಗೆ ಈ ಗ್ಯಾಸಿನ (ಪ್ರೊಪೇನ್) ಒತ್ತಡವೂ ಇಳಿದಿರುತ್ತದೆ, ಬರ್ನರಿನ ಉರಿ ಮಧ್ಯಾಹ್ನದಷ್ಟು ಜೋರಿರುವುದಿಲ್ಲ. ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಹಂತ 1: ಕಾಲ್ನಡಿಗೆಯಲ್ಲಿ ತಂತಿ ಎಣಿಸುವುದು

ಬಲೂನಿಗೆ ಹತ್ತಿಸುವ ಮೊದಲು ಶಿಷ್ಯನನ್ನು ಮೂರು ನಾಲ್ಕು ದಿನ ಗದ್ದೆಯ ಏರಿಯ ಮೇಲೆ ನಡೆಸಿ. ಕೈಯಲ್ಲಿ ನಕ್ಷೆ, ಪೆನ್ಸಿಲ್. ಪ್ರತಿ ಕಂಬ, ಪ್ರತಿ ತಂತಿ ಗುರುತು ಹಾಕಲಿ. ಬೇಜಾರಿನ ಕೆಲಸ ಅನ್ನಿಸುತ್ತದೆ. ಆದರೆ ಬಲೂನ್ ಅಪಘಾತಗಳಲ್ಲಿ ಜೀವ ತೆಗೆಯುವುದರಲ್ಲಿ ವಿದ್ಯುತ್ ತಂತಿಯೇ ಮುಂದು.

ಮೇಲಿನಿಂದ ನೋಡಿದರೆ ತಂತಿ ಕಾಣುವುದಿಲ್ಲ, ಬೆಳಗಿನ ಓರೆ ಬಿಸಿಲಿನಲ್ಲಂತೂ ಕಾಣುವುದೇ ಇಲ್ಲ. ಹಾಗಾಗಿ ತಂತಿಯನ್ನು ಹುಡುಕಲು ಹೇಳಬೇಡಿ, ತಂತಿಯ ಕುರುಹನ್ನು ಹುಡುಕಲು ಕಲಿಸಿ:

ರಸ್ತೆ ಇದ್ದರೆ ಪಕ್ಕದಲ್ಲಿ ಲೈನ್ ಇದೆ ಎಂದೇ ತಿಳಿಯಿರಿ. ಕಣ್ಣಿಗೆ ಬೀಳುವವರೆಗೆ ಕಾಯಬೇಡಿ.

ತೋಟದ ನಡುವೆ ಮರಗಳ ತಲೆ ನೇರ ಗೆರೆಯಲ್ಲಿ ಸವರಿದ್ದರೆ ಆ ಗೆರೆಯುದ್ದಕ್ಕೂ 11 ಕೆವಿ (11 ಸಾವಿರ ವೋಲ್ಟ್) ಲೈನ್ ಹೋಗಿದೆ ಎಂದೇ ತಿಳಿಯಿರಿ.

ಒಂಟಿ ಮನೆ, ಲೈನ್‌ಮನೆ (ತೋಟದ ಕೆಲಸಗಾರರ ಸಾಲುಮನೆ), ಕಾಫಿ ಕಣ, ಪಲ್ಪರ್ ಶೆಡ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಜಾಗ): ಪ್ರತಿಯೊಂದಕ್ಕೂ ಎಲ್ಲಿಂದಲೋ ಒಂದು ತಂತಿ ಬಂದಿರಲೇಬೇಕು. ಎಲ್ಲಿಂದ ಎಂದು ಉತ್ತರ ಸಿಗುವವರೆಗೆ ಆ ಗದ್ದೆ ನಿಮ್ಮದಲ್ಲ.

ಗದ್ದೆಯ ಮೂಲೆಯ ಪಂಪ್‌ಸೆಟ್ ಶೆಡ್ ಎಲ್ಲಕ್ಕಿಂತ ಮೋಸದ್ದು. ಅದಕ್ಕೆ ಬರುವ ಲೈನು ಕಂಬಗಳ ನಡುವೆ ಜೋತುಬಿದ್ದಿರುತ್ತದೆ, ಹಲವು ಬಾರಿ ಗದ್ದೆಯನ್ನೇ ಅಡ್ಡ ಹಾಯ್ದಿರುತ್ತದೆ.

ಕೊಡಗಿನಲ್ಲಿ ಇನ್ನೆರಡು ಸೇರಿಸಿಕೊಳ್ಳಿ: ಆನೆಗಾಗಿ ಎಳೆದ ಸೋಲಾರ್ ಬೇಲಿ, ಆನೆ ಕಂದಕ. ಮೇಲಿನಿಂದ ಎರಡೂ ಬದುವಿನಂತೆಯೇ ಕಾಣುತ್ತವೆ.

ನೆಲವನ್ನೂ ತುಳಿದು ನೋಡಲಿ. ಹಸಿರಾಗಿ ಮೆತ್ತಗೆ ಕಾಣುವ ಪಾಳು ಗದ್ದೆ ಮೊಣಕಾಲವರೆಗೆ ಕೆಸರಾಗಿರಬಹುದು. ಬುಟ್ಟಿ ಸುಖವಾಗಿ ಕೂರುತ್ತದೆ, ಜೀಪು ಮಾತ್ರ ಅಲ್ಲಿಗೆ ಬರುವುದಿಲ್ಲ. ಶುಂಠಿ ಹಾಕಿದ ಗದ್ದೆಯಲ್ಲಿ ಸ್ಪ್ರಿಂಕ್ಲರ್ ಪೈಪುಗಳು ನಿಂತಿರುತ್ತವೆ. ಅಲ್ಲಿ ಇಳಿಯುವುದು ಆ ರೈತನ ವರ್ಷದ ದುಡಿಮೆಯ ಮೇಲೆ ಇಳಿದಂತೆ.

ಹಂತ 2: ಒಂದೇ ಎತ್ತರದಲ್ಲಿ ನಿಲ್ಲುವುದು

ಹಗ್ಗ ಕಟ್ಟಿ ನಿಂತಲ್ಲೇ ಏರಿಳಿಸುವ ಅಭ್ಯಾಸದಿಂದ ಬರ್ನರ್ ಕೈಗೆ ಒಗ್ಗುತ್ತದೆ, ಇಳಿಯುವುದು ಬರುವುದಿಲ್ಲ. ನೆಲ ಪಕ್ಕಕ್ಕೆ ಓಡುವುದನ್ನು ಕಣ್ಣು ನೋಡಲೇಬೇಕು. ಬೇಗ ಮುಗಿಸಿ ಮುಂದೆ ಹೋಗಿ.

ನೆಲದಿಂದ ಸುಮಾರು 300 ಅಡಿಯಲ್ಲಿ ಹತ್ತು ನಿಮಿಷ, ಮೇಲೆ ಕೆಳಗೆ 50 ಅಡಿ ದಾಟದಂತೆ ಹಾರಲು ಹೇಳಿ. ಇದು ಬಾರದವನಿಗೆ ಇಳಿಯುವ ಪಾಠ ಹೇಳಿ ಪ್ರಯೋಜನವಿಲ್ಲ.

ಅಡಚಣೆ ಇರುವುದು ಬರ್ನರ್ ಮತ್ತು ಬಲೂನಿನ ನಡುವಿನ ತಡದಲ್ಲಿ. ಉರಿ ಕೊಟ್ಟ ಮೇಲೆ ಬಲೂನು ಅದಕ್ಕೆ ಓಗೊಡಲು ಗಾತ್ರ, ಭಾರ ನೋಡಿಕೊಂಡು 6ರಿಂದ 10 ಸೆಕೆಂಡ್ ಹಿಡಿಯುತ್ತದೆ. ದೋಸೆ ಕಾವಲಿ ನೆನಪಿಸಿಕೊಳ್ಳಿ. ಒಲೆ ಜೋರು ಮಾಡಿದ ತಕ್ಷಣ ಕಾವಲಿ ಕಾಯುವುದಿಲ್ಲ, ಸಣ್ಣ ಮಾಡಿದ ತಕ್ಷಣ ತಣಿಯುವುದೂ ಇಲ್ಲ. ಶಿಷ್ಯ ಉರಿ ಕೊಡುತ್ತಾನೆ, ಏನೂ ಆಗಲಿಲ್ಲವೆಂದು ಮತ್ತೆ ಕೊಡುತ್ತಾನೆ, ಎರಡೂ ಸೇರಿ ಬಲೂನು ಮೇಲಕ್ಕೆ ಹಾರುತ್ತದೆ. ಗಾಬರಿಯಿಂದ, ಬಿಸಿಗಾಳಿ ಹೊರಬಿಡುವ ನೆತ್ತಿಯ ಮುಚ್ಚಳದ ಹಗ್ಗ ಎಳೆಯುತ್ತಾನೆ, ಅದೂ ಅತಿಯಾಗುತ್ತದೆ.

ಮದ್ದು ಸರಳ. ಉರಿ ಕೊಟ್ಟ ಮೇಲೆ ಬಾಯಿಬಿಟ್ಟು ಎಂಟರವರೆಗೆ ಎಣಿಸಲಿ. ಎಣಿಸಿ ಮುಗಿಯುವವರೆಗೆ ಕೈ ಬರ್ನರಿಗೆ ಹೋಗಬಾರದು. ಒಂದು ದೊಡ್ಡ ಉರಿಗಿಂತ ಎರಡು ಮೂರು ಚಿಕ್ಕ ಉರಿ ಲೇಸು.

ಹಂತ 3: ಮೆಟ್ಟಿಲಿಳಿದಂತೆ ಇಳಿಯುವುದು

ಈಗ ಅಪ್ರೋಚ್, ಅಂದರೆ ಗದ್ದೆಯತ್ತ ಇಳಿಯುತ್ತಾ ಸಾಗುವ ದಾರಿ. 300 ಅಡಿಯಿಂದ ಇಳಿದು 200ರಲ್ಲಿ ನಿಲ್ಲಲಿ. 200ರಿಂದ 100, 100ರಿಂದ 50. ಪ್ರತಿ ಮೆಟ್ಟಿಲಲ್ಲೂ ಬಲೂನು ನಿಂತಿತೇ ಎಂದು ವೇರಿಯೋಮೀಟರಿನಲ್ಲೂ ಕಣ್ಣಿನಲ್ಲೂ ನೋಡಿಯೇ ಮುಂದಿನದಕ್ಕೆ. 100 ಅಡಿಯ ಕೆಳಗೆ ಇಳಿತದ ವೇಗ ನಿಮಿಷಕ್ಕೆ 200 ಅಡಿ ದಾಟಬಾರದು.

ಲೆಕ್ಕವನ್ನು ಬಾಯಿಪಾಠ ಮಾಡಿಸಿ. ಗಾಳಿ 8 ನಾಟ್ ಇದ್ದರೆ (1 ನಾಟ್ ಎಂದರೆ ಗಂಟೆಗೆ 1.85 ಕಿ.ಮೀ.) ಬಲೂನು ಸೆಕೆಂಡಿಗೆ ನಾಲ್ಕು ಮೀಟರ್ ಸಾಗುತ್ತದೆ. 300 ಅಡಿಯಿಂದ ನಿಮಿಷಕ್ಕೆ 300 ಅಡಿಯಂತೆ ಇಳಿದರೆ ನೆಲ ಮುಟ್ಟುವಷ್ಟರಲ್ಲಿ ಸುಮಾರು 250 ಮೀಟರ್ ಮುಂದೆ ಹೋಗಿರುತ್ತೀರಿ. ಕಾಲ ಕೆಳಗೆ ಕಾಣುವ ಗದ್ದೆ ಆಗಲೇ ಕೈತಪ್ಪಿದೆ. ಇಳಿಯುವ ಗದ್ದೆ ಯಾವಾಗಲೂ ಮುಂದೆ, ದೂರದಲ್ಲಿ ಇರುತ್ತದೆ.

ನನಗೆ ಕೊಡಗಿನಲ್ಲಿ ಕಲಿಸುವುದು ಇಷ್ಟವಾಗುವುದು ಮುಂದಿನ ವಿಷಯಕ್ಕೆ. ಇಲ್ಲಿ ಗದ್ದೆಗಳು ಎರಡು ದಿಣ್ಣೆಗಳ ನಡುವಿನ ತಗ್ಗಿನಲ್ಲಿ, ಹೊಳೆಯ ಹಾಗೆ ಬಳುಕುತ್ತಾ ಹೋಗುತ್ತವೆ. ರಾತ್ರಿ ತಣಿದ ಗಾಳಿ ಭಾರವಾಗಿ ದಿಣ್ಣೆಯಿಂದ ಇಳಿದು, ನೀರು ಹರಿದಂತೆ ಆ ಗದ್ದೆಯ ಸಾಲನ್ನೇ ಹಿಡಿದು ಹರಿಯುತ್ತದೆ. ಮೇಲೆ 300 ಅಡಿಯಲ್ಲಿ ಗಾಳಿ ಪಶ್ಚಿಮಕ್ಕೆ ತಳ್ಳುತ್ತಿದ್ದರೂ 60, 70 ಅಡಿಗೆ ಇಳಿದಾಗ ಬಲೂನು ನಿಧಾನಕ್ಕೆ ತಿರುಗಿ ಗದ್ದೆಯ ಉದ್ದಕ್ಕೇ ಸಾಗುವುದುಂಟು. ಬಲೂನಿಗೆ ಸ್ಟೀರಿಂಗ್ ಇಲ್ಲವೆಂದೆನಲ್ಲ, ಇದೇ ಅದರ ಸ್ಟೀರಿಂಗ್. ಎತ್ತರ ಬದಲಿಸಿದರೆ ದಿಕ್ಕು ಬದಲಾಗುತ್ತದೆ.

ಈ ಕೆಳಗಾಳಿಯನ್ನು ಮೇಲಿನಿಂದಲೇ ಓದಬೇಕು. ಲೈನ್‌ಮನೆಯ ಬಚ್ಚಲೊಲೆಯ ಹೊಗೆ ಯಾವ ಕಡೆ ವಾಲಿದೆ? ಕೆರೆಯ ಮೇಲಿನ ಹಬೆ ಎತ್ತ ಜಾರುತ್ತಿದೆ? ಬುಟ್ಟಿಯಿಂದ ಒಂದು ಹಿಡಿ ಒಣಹುಲ್ಲು ಬಿಟ್ಟು ಕೆಳಗಿಳಿಯುತ್ತಾ ಅದು ಎಲ್ಲೆಲ್ಲಿ ಅಡ್ಡ ಸರಿಯಿತೆಂದು ನೋಡಲಿ. ಇನ್ನೊಂದು ಸೂಚನೆಯಿದೆ. ಬಲೂನು ಗಾಳಿಯ ಜತೆಯಲ್ಲೇ ಸಾಗುವುದರಿಂದ ಬುಟ್ಟಿಯಲ್ಲಿರುವವರಿಗೆ ಮುಖಕ್ಕೆ ಗಾಳಿ ಬಡಿಯುವುದಿಲ್ಲ. ಇಳಿಯುತ್ತಿರುವಾಗ ಕೆನ್ನೆಗೆ ತಣ್ಣಗೆ ಗಾಳಿ ತಾಗಿತೆಂದರೆ ಬೇರೆ ಗಾಳಿಯ ಪದರಕ್ಕೆ ಇಳಿದಿದ್ದೀರಿ. ಇದಕ್ಕೆ ವಿಂಡ್ ಶಿಯರ್ ಎನ್ನುತ್ತಾರೆ. ಆಗ ಬಟ್ಟೆಯ ಗುಮ್ಮಟ ಒಂದು ಕಡೆ ಒತ್ತಿಹೋಗಬಹುದು, ಒಳಗಿನ ಬಿಸಿ ಸೋರಬಹುದು, ಇಳಿತ ಒಮ್ಮೆಗೇ ಜೋರಾಗಬಹುದು. ಕೆನ್ನೆಗೆ ಗಾಳಿ ತಾಗಿದ ಕೂಡಲೇ ಒಂದು ಚಿಕ್ಕ ಉರಿ: ಇದು ಯೋಚಿಸದೆ ಆಗುವಂತಾಗಬೇಕು.

ಬಿಸಿಲೇರಿದಂತೆ ಈ ಕೆಳಗಾಳಿ ನಿಂತುಹೋಗಿ, ನೆಲ ಕಾದು ಬಿಸಿಗಾಳಿಯ ಬುಗ್ಗೆಗಳು ಏಳುತ್ತವೆ. ಚಳಿಗಾಲದಲ್ಲಿ ಸೂರ್ಯೋದಯ 6.45ರ ಸುಮಾರಿಗೆ. 8.30ರೊಳಗೆ ಬುಟ್ಟಿ ನೆಲದ ಮೇಲಿರಬೇಕು.

ಹಂತ 4: "ಇಳಿತೀನಿ" ಅಥವಾ "ಬಿಡ್ತೀನಿ"

200 ಅಡಿಯ ಮೆಟ್ಟಿಲಲ್ಲಿ ಶಿಷ್ಯ ಮುಂದಿನ ಗದ್ದೆಯ ಬಗ್ಗೆ ಜೋರಾಗಿ ಹೇಳಬೇಕು: ತಂತಿ ಎಲ್ಲಿ, ದನ ಕರು ಇವೆಯೇ, ಗದ್ದೆ ಮುಗಿದ ಮೇಲೆ ಏನಿದೆ, ಜೀಪು ಬರಲು ದಾರಿ ಯಾವುದು. ಹೇಳಿ ಮುಗಿಸಿ ಒಂದೇ ಮಾತು: "ಇಳಿತೀನಿ" ಅಥವಾ "ಬಿಡ್ತೀನಿ". "ನೋಡೋಣ" ಎನ್ನುವ ಉತ್ತರಕ್ಕೆ ಜಾಗವಿಲ್ಲ. ಅನುಮಾನ ಇದ್ದರೆ ಅದು "ಬಿಡ್ತೀನಿ".

ಮೂರನೆಯ ಪ್ರಶ್ನೆಯನ್ನು ಎಲ್ಲರೂ ಹಾರಿಸುತ್ತಾರೆ. ಗದ್ದೆ ಚೆನ್ನಾಗಿದೆ, ಆದರೆ ಅದರಾಚೆಗೆ ನೇರ ಎತ್ತರದ ಸಿಲ್ವರ್ ಓಕ್ ಸಾಲಿದ್ದರೆ ಇಳಿಯಲಾಗದೆ ಮೇಲೇಳಬೇಕಾದಾಗ ಮರ ದಾಟುವಷ್ಟು ಸಮಯ ಸಿಗದು. ಬಿಡುವ ನಿರ್ಧಾರ 200 ಅಡಿಯಲ್ಲಾದರೆ ಒಂದು ಸಣ್ಣ ಉರಿ ಸಾಕು. 60 ಅಡಿಯಲ್ಲಾದರೆ ಬಿಡುವುದೇ ಅಪಾಯ.

ಮೊದಲ ಹತ್ತು ಅಪ್ರೋಚ್‌ಗಳಲ್ಲಿ ಅರ್ಧದಷ್ಟನ್ನಾದರೂ ನೀವೇ ಬೇಕೆಂದು ಬಿಡಿಸಿ. ಒಳ್ಳೆಯ ಗದ್ದೆಯೇ ಆಗಿರಲಿ, "ಬಿಡು, ಮುಂದಿನದು ನೋಡು" ಎನ್ನಿ. ಬಿಟ್ಟು ಮೇಲೇರುವುದು ಸೋಲೆಂದು ಅವನಿಗೆ ಅನ್ನಿಸಬಾರದು. ಒಮ್ಮೆ ನನ್ನ ಶಿಷ್ಯನೊಬ್ಬ ಕೊಯ್ಲಾದ ಗದ್ದೆಯ ಮೇಲೆ ಕಣ್ಣು ನೆಟ್ಟು ಇಳಿಯುತ್ತಿದ್ದ. ಬದಿಯ ಪಂಪ್‌ಶೆಡ್ ನನಗೆ ಕಂಡಿತ್ತು. ಅವನೇ ನೋಡಲಿ ಎಂದು ಸುಮ್ಮನಿದ್ದೆ. "ಸರ್, ಕಂಬ!" ಎಂದು ಅವನು ಕೂಗಿದಾಗ ಬುಟ್ಟಿ ತಂತಿಯ ಮೇಲೆ ಹದಿನೈದು ಇಪ್ಪತ್ತು ಅಡಿಯಲ್ಲಿ ಹಾದುಹೋಯಿತು. ಆವತ್ತಿನಿಂದ ನಾನು ಕೈ ಹಾಕುವ ಎತ್ತರವನ್ನು ಮೊದಲೇ ಹೇಳಿಟ್ಟಿರುತ್ತೇನೆ: 150 ಅಡಿಗೆ ನಾನು ಕಂಡದ್ದನ್ನು ಅವನು ಹೇಳಿರದಿದ್ದರೆ ಬರ್ನರ್ ನನ್ನದು.

ತಂತಿ ದಾಟುತ್ತೀರೋ ಇಲ್ಲವೋ ತಿಳಿಯಲು ಒಂದು ನೋಟವಿದೆ. ತಂತಿಯನ್ನೂ ಅದರ ಹಿಂದಿನ ನೆಲವನ್ನೂ ಒಟ್ಟಿಗೆ ನೋಡಿ. ತಂತಿಯ ಆಚೆಗಿನ ನೆಲ ಕ್ಷಣಕ್ಷಣಕ್ಕೂ ಹೆಚ್ಚು ಹೆಚ್ಚು ತೆರೆದುಕೊಳ್ಳುತ್ತಿದ್ದರೆ ಮೇಲಿನಿಂದ ದಾಟುತ್ತೀರಿ. ಆಚೆಯ ನೆಲ ತಂತಿಯ ಹಿಂದೆ ಮುಳುಗುತ್ತಿದ್ದರೆ ದಾಟುವುದಿಲ್ಲ. ಎರಡೂ ಅಲುಗದೆ ನಿಂತಂತಿದ್ದರೆ ನೇರ ಅದರ ಮೇಲೇ ಹೋಗುತ್ತಿದ್ದೀರಿ. ಗುಡ್ಡದ ಮೇಲೆ ನಿಂತು, ಜೀಪಿನಲ್ಲಿ ಕೂತು, ಎಲ್ಲಾದರೂ ಅಭ್ಯಾಸ ಮಾಡಬಹುದು.

ಹಂತ 5: ನೆಲ ಮುಟ್ಟುವುದು

ಇಳಿಯುವ ಮಾತು ಕೊಟ್ಟ ಕೂಡಲೇ ಬುಟ್ಟಿಯಲ್ಲಿರುವವರಿಗೆ ಸೂಚನೆ: ಕ್ಯಾಮೆರಾ, ಮೊಬೈಲ್ ಒಳಗೆ. ಸಾಗುವ ದಿಕ್ಕಿಗೆ ಬೆನ್ನು, ಮಂಡಿ ಸ್ವಲ್ಪ ಬಾಗಿಸಿ, ಬುಟ್ಟಿಯ ಒಳಗಿನ ಹಗ್ಗದ ಹಿಡಿ ಗಟ್ಟಿಯಾಗಿ. ಹೇಳುವವರೆಗೆ ಯಾರೂ ಹೊರಗೆ ಕಾಲಿಡಬಾರದು.

ಕೊನೆಯದನ್ನು ಎರಡು ಸಲ ಹೇಳಿಸಿ. ಒಬ್ಬರು ಇಳಿದರೆ ಅಷ್ಟು ಭಾರ ಕಳೆದು ಬಲೂನು ಉಳಿದವರನ್ನು ಹೊತ್ತು ಮೇಲೇಳುತ್ತದೆ. 2013ರ ಫೆಬ್ರವರಿಯಲ್ಲಿ ಈಜಿಪ್ಟಿನ ಲಕ್ಸರ್‌ನಲ್ಲಿ ಇಳಿಯುವ ಹೊತ್ತಿಗೇ ಬುಟ್ಟಿಗೆ ಬೆಂಕಿ ಹತ್ತಿ, ಬಲೂನು ಮತ್ತೆ ಮೇಲೆ ಹೋಗಿ 19 ಮಂದಿ ಸತ್ತರು.

ಗಾಳಿ 4 ನಾಟ್‌ಗಿಂತ ಕಡಿಮೆಯಿದ್ದರೆ ಮೆಲ್ಲಗೆ ಕೂರಿಸಿ. ಮುಟ್ಟಿದ ಮೇಲೆ ಬಿಸಿಯನ್ನು ಪೂರ್ತಿ ಬಿಡದೆ, ಜೀಪಿನ ಹುಡುಗರು ಬಂದು ಬುಟ್ಟಿಯ ಮೇಲೆ ಭಾರ ಹಾಕುವವರೆಗೆ ಕಾಯಿರಿ. ಹಾಗಾದರೆ ಬೇಕೆಂದ ಕಡೆ ಎಳೆದುಕೊಂಡು ಹೋಗಿ ಬಟ್ಟೆ ಮಲಗಿಸಬಹುದು.

ಗಾಳಿ ಹೆಚ್ಚಿದ್ದರೆ ಕ್ರಮ ಬೇರೆ. ನೆಲ ಮುಟ್ಟುವ ಸ್ವಲ್ಪ ಮೊದಲು ಪೈಲಟ್ ಜ್ವಾಲೆ (ಬರ್ನರಿನಲ್ಲಿ ಸದಾ ಉರಿಯುವ ಚಿಕ್ಕ ಬೆಂಕಿ) ಆರಿಸಿ. ಬುಟ್ಟಿ ನೆಲಕ್ಕೆ ತಾಗುವಾಗಲೇ ಗುಮ್ಮಟದ ನೆತ್ತಿಯ ಮುಚ್ಚಳ ತೆರೆಯುವ ಕೆಂಪು ಹಗ್ಗ ಎಳೆದು, ಬಟ್ಟೆ ಪೂರ್ತಿ ಮಲಗುವವರೆಗೆ ಹಿಡಿದಿರಿ. ಬುಟ್ಟಿ ವಾಲುತ್ತದೆ, ಒಂದಷ್ಟು ದೂರ ಉಜ್ಜಿಕೊಂಡು ಹೋಗುತ್ತದೆ. ಆ ಹೊತ್ತಿಗೆ ಹಗ್ಗ ಬಿಡುವುದು ಶಿಷ್ಯರ ಸಹಜ ತಪ್ಪು. ನಿಂತ ಮೇಲೆ ಸಿಲಿಂಡರ್ ವಾಲ್ವ್ ಮುಚ್ಚಿ, ಪೈಪಿನಲ್ಲಿ ಉಳಿದ ಗ್ಯಾಸ್ ಹೊರಬಿಡಿ.

ಬಟ್ಟೆಯೇ ತಾನೆ ಎಂದು ಹಗುರವಾಗಿ ತಿಳಿಯಬಾರದು. ಸುಮಾರು 2200 ಘನ ಮೀಟರಿನ ಸಾಮಾನ್ಯ ಬಲೂನಿನ ಒಳಗಿನ ಬಿಸಿಗಾಳಿಯೇ ಎರಡು ಟನ್ ಹತ್ತಿರ ತೂಗುತ್ತದೆ. ಬುಟ್ಟಿ, ಜನ, ಗ್ಯಾಸ್ ಸೇರಿದರೆ ಇನ್ನೂ ಹೆಚ್ಚು. ಗಾಳಿ 5 ನಾಟ್‌ನಿಂದ 10ಕ್ಕೆ ಹೋದರೆ ನಿಲ್ಲಿಸಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಹೊಸ ಶಿಷ್ಯನಿಗೆ ನೆಲದ ಗಾಳಿ 6 ನಾಟ್ ದಾಟಿದರೆ ನಾನು ಪಾಠ ನಿಲ್ಲಿಸುತ್ತೇನೆ.

ತಂತಿ ತಪ್ಪಿಸಲಾಗದಿದ್ದರೆ

ಇದನ್ನು ಬೇರೆಯಾಗಿ, ಪ್ರತಿ ಹಾರಾಟಕ್ಕೂ ಮುಂಚೆ ಬಾಯಲ್ಲಿ ಹೇಳಿಸಿ. ದಾಟುವುದು ಖಚಿತವಿಲ್ಲದಿದ್ದರೆ ಮೇಲೇರಲು ಹೋಗಬೇಡಿ. ಉರಿಗೆ ಬಲೂನು ಓಗೊಡುವ ಆ 8 ಸೆಕೆಂಡು ಆಗ ನಿಮ್ಮ ಬಳಿ ಇರುವುದಿಲ್ಲ. ಕೆಂಪು ಹಗ್ಗ ಪೂರ್ತಿ ಎಳೆದು ಆದಷ್ಟು ಬೇಗ ಕೆಳಗೆ ಬನ್ನಿ, ಪೈಲಟ್ ಜ್ವಾಲೆ ಆರಿಸಿ, ಗ್ಯಾಸ್ ಮುಚ್ಚಿ. ತಂತಿಗೆ ಬಟ್ಟೆ ತಾಗಿದರೆ ಬದುಕುವ ಅವಕಾಶವಿದೆ. ಬುಟ್ಟಿ, ಅದನ್ನು ಹೊತ್ತ ಉಕ್ಕಿನ ಹಗ್ಗ, ಸಿಲಿಂಡರ್ ತಾಗಿದರೆ ಅದು ತೀರ ಕಡಿಮೆ. 2012ರ ಜನವರಿಯಲ್ಲಿ ನ್ಯೂಜಿಲೆಂಡಿನ ಕಾರ್ಟರ್‌ಟನ್‌ನಲ್ಲಿ ಬಲೂನು ತಂತಿಯ ಮೇಲಿಂದ ಏರಿ ದಾಟಲು ಹೋಗಿ ಸಿಕ್ಕಿಕೊಂಡಿತು, 11 ಮಂದಿ ಸತ್ತರು.

ಗಟ್ಟಿ ಇಳಿತದಿಂದ ಕಾಲು ಮುರಿಯಬಹುದು. ಮುರಿಯಲಿ. ಇದನ್ನು ಶಿಷ್ಯನಿಗೆ ಹೀಗೆಯೇ ಹೇಳಿ.

ತಾಗಿ ನಿಂತರೆ ಬುಟ್ಟಿಯಲ್ಲೇ ಇರಿ. ಜೀಪಿನವರು ಹತ್ತಿರ ಬರಬಾರದು, ನೇತಾಡುವ ಹಗ್ಗ ಮುಟ್ಟಬಾರದು. ವಿದ್ಯುತ್ ಇಲಾಖೆಯವರು ಲೈನಿನ ಕರೆಂಟ್ ತೆಗೆದದ್ದು ಖಾತ್ರಿಯಾಗುವವರೆಗೆ ಕಾಯಿರಿ. ಸಪ್ಲೈ ಒಮ್ಮೆ ಹೋಗಿ ಮತ್ತೆ ತಾನಾಗಿ ಬರಬಹುದು. ಬೆಂಕಿ ಹತ್ತಿದರೆ ಮಾತ್ರ ಎರಡೂ ಕಾಲು ಜೋಡಿಸಿ ದೂರಕ್ಕೆ ಜಿಗಿಯಿರಿ, ಬುಟ್ಟಿಯನ್ನೂ ನೆಲವನ್ನೂ ಒಟ್ಟಿಗೆ ಮುಟ್ಟುವಂತಿಲ್ಲ.

ಪ್ರಾಣಿಗಳ ವಿಷಯ

ಬರ್ನರಿನ ಸದ್ದಿಗೆ ದನ ಹಗ್ಗ ಕಿತ್ತು ಓಡುತ್ತದೆ. ದನ ಕಂಡ ಗದ್ದೆಯನ್ನು ದೂರದಿಂದಲೇ ಬಿಡಿ. ಆನೆಯದ್ದು ಇನ್ನೂ ಗಂಭೀರ. ಬೆಳಗಿನ ಜಾವ ತೋಟದೊಳಗೆ ಆನೆ ನಿಂತಿದ್ದರೆ ಮರದ ನೆರಳಲ್ಲಿ ಮೇಲಿನಿಂದ ಕಾಣುವುದೇ ಇಲ್ಲ. ಹಿಂದಿನ ಸಂಜೆ ತೋಟದ ರೈಟರ್ (ಕೆಲಸ, ಲೆಕ್ಕ ನೋಡಿಕೊಳ್ಳುವವರು) ಹತ್ತಿರವೋ ಅರಣ್ಯ ಇಲಾಖೆಯವರ ಹತ್ತಿರವೋ ಆನೆ ಎಲ್ಲಿದೆ ಎಂದು ಕೇಳಿಕೊಳ್ಳಿ. ಅಲ್ಲಿ ಕೆಲಸಕ್ಕೆ ಹೋಗುವ ಜನರ ಕಡೆಗೆ ಆನೆಯನ್ನು ಅಟ್ಟಿದಂತಾದರೆ ಅದರ ಹೊಣೆ ನಮ್ಮದೇ.

ಇಳಿದ ಮೇಲೆ

ಬಟ್ಟೆ ಮಡಚುವ ಮೊದಲು ಶಿಷ್ಯನೇ ಮಾತಾಡಲಿ: ಯಾವ ಗದ್ದೆ ಬಿಟ್ಟೆ, ಏಕೆ, ಯಾವುದನ್ನು ಬಿಡಬೇಕಿತ್ತು. ನೀವು ಆಮೇಲೆ ಮಾತಾಡಿ. ಬದು ಮುರಿದಿದ್ದರೆ ಅಲ್ಲೇ ಕಟ್ಟಿಕೊಡಿ, ಹುಲ್ಲಿನ ಮೆದೆ ಕೆದರಿದ್ದರೆ ಸರಿಮಾಡಿ, ಗದ್ದೆಯವರ ಮನೆಗೆ ಶಿಷ್ಯನೇ ಹೋಗಿ ಹೇಳಿ ಬರಲಿ.

ಅವರ ಹತ್ತಿರ ಒಂದು ಪ್ರಶ್ನೆಯನ್ನೂ ಕೇಳಲಿ: "ಅಣ್ಣ, ಈ ವರ್ಷ ಇಲ್ಲಿ ಹೊಸ ಲೈನ್ ಏನಾದರೂ ಎಳೆದಿದ್ದಾರಾ?" ಉತ್ತರ ಹೌದೆಂದರೆ ಜೀಪು ಹತ್ತುವ ಮೊದಲೇ ನಕ್ಷೆ ಬಿಡಿಸಿ, ಆ ಕಂಬಗಳನ್ನು ಪೆನ್ಸಿಲಿನಲ್ಲಿ ಗುರುತು ಹಾಕಬೇಕು.